ಅಂಗಳಕ್ಕೆ ಬಂದ ಮೊಬೈಲು

ಅಂಗನವಾಡಿ ಎಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ. ಅದರ ಅರ್ಥವನ್ನು ಮಾತ್ರ ಮರೆತಿದ್ದೇವೆ. ಕನ್ನಡದ ಅಂಗಳವೂ ಮರಾಠಿಯ ಅಂಗಣವೂ ಒಂದೇ ಬೇರಿನ ಮಾತುಗಳು. 1945ರಲ್ಲಿ ತಾರಾಬಾಯಿ ಮೋಡಕ ಅವರು ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಗ್ರಾಮದಲ್ಲಿ ಅನುತಾಯಿ ವಾಘ ಅವರ ನೆರವಿನಿಂದ ಬಾಲಶಿಕ್ಷಣದ ಕೆಲಸ ಆರಂಭಿಸಿದರು. ಬಡವರ ಮಕ್ಕಳು ಬಾಲವಾಡಿಗೆ ಬರುವುದು ಕಷ್ಟವೆಂದು ಕಂಡಾಗ ಅವರು ಪಾಲಕರನ್ನು ಹಳಿಯಲಿಲ್ಲ. ಬಾಲವಾಡಿಯನ್ನೇ ಆ ಜನರ ಅಂಗಳಕ್ಕೆ ಕೊಂಡೊಯ್ದರು. ಮುಂದೆ 1957ರಿಂದ ಕೋಸಬಾಡದ ಆದಿವಾಸಿ ಮಕ್ಕಳ ನಡುವೆ ಈ ಕಾರ್ಯ ಬೆಳೆಯಿತು. ಮನೆಯವರ ಬಳಿಗೆ ತಾವೇ ಹೋಗಬೇಕೆಂಬ ತತ್ತ್ವ ಆ ಹೆಸರಿನಲ್ಲಿಯೇ ಅಡಗಿದೆ.

1975ರ ಅಕ್ಟೋಬರ್ 2ರಂದು ಭಾರತ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಪ್ರಾರಂಭಿಸಿತು. ಕನ್ನಡ ನಾಡಿನ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದು. ಅಂದಿನಿಂದ ಐವತ್ತು ವರುಷಗಳು ಕಳೆದಿವೆ. ತೂಕದ ತಕ್ಕಡಿ, ದಪ್ಪ ದಪ್ಪ ದಾಖಲೆ ಪುಸ್ತಕಗಳು ಹಿಂದೆ ಸರಿದು, ಸೇವಿಕೆಯ ಕೈಗೆ ಮೊಬೈಲು ಬಂದಿದೆ. 2021ರ ಮಾರ್ಚಿನಿಂದ ಪೋಷಣ ಟ್ರ್ಯಾಕರ್ ಎಂಬ ಆ್ಯಪ್‌ನಲ್ಲಿ ಮಕ್ಕಳ ಹಾಜರಿ, ಎತ್ತರ, ತೂಕ, ಆಹಾರ ಎಲ್ಲವೂ ದಾಖಲಾಗುತ್ತವೆ. ಪಾಲಕರಿಗಾಗಿ ವಾಟ್ಸ್‌ಆ್ಯಪ್ ಗುಂಪುಗಳಿವೆ. ಇದರಿಂದ ಮನೆಯೂ ಅಂಗನವಾಡಿಯೂ ಹತ್ತಿರವಾದವೇ ಎಂಬುದೇ ನನ್ನ ಪ್ರಶ್ನೆ.

ನಮ್ಮ ಜತ್ತ ತಾಲೂಕಿನಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕವಿದೆ. ಇದು ಮಳೆಯನ್ನು ನಂಬಿದ ನೆಲ. ದಸರೆ ದೀಪಾವಳಿಗಳು ಮುಗಿದವೆಂದರೆ ಅನೇಕ ಕುಟುಂಬಗಳು ಕೊಯ್ತಾ ಹಿಡಿದು, ಮುಕಾದಮನ ಉಚಲಿನ ಋಣ ತೀರಿಸಲು, ಸಕ್ಕರೆ ಕಾರಖಾನೆಗಳ ಕಡೆಗೆ ಹೊರಡುತ್ತವೆ. ಕೂಸುಗಳು ಒಮ್ಮೊಮ್ಮೆ ತಾಯಿಯ ಜೊತೆಗೆ ಕಬ್ಬಿನ ಫಡಕ್ಕೆ ಹೋಗುತ್ತವೆ. ಇಲ್ಲವೆ ಅಜ್ಜಿಯ ಮಡಿಲಲ್ಲಿ ಉಳಿಯುತ್ತವೆ. ಇಲ್ಲಿ ಪಾಲಕರೆಂದರೆ ಯಾರು? ಹೆತ್ತವಳು ಐವತ್ತು ಹರದಾರಿ ಆಚೆ, ಸಾಕುವವಳು ಅಕ್ಷರವರಿಯದ ಮುದುಕಿ.

ಒಂದು ದಿನ ಅಂಥ ಅಜ್ಜಿಯೊಬ್ಬಳು ನಮ್ಮ ಕಟ್ಟೆಗೆ ಬಂದು ಮೊಬೈಲು ಮುಂದೆ ಹಿಡಿದಳು. ದೂರದಲ್ಲಿದ್ದರೂ ಮಾತನಾಡಲೆಂದು ಮಗ ಅದನ್ನು ಕೊಟ್ಟು ಹೋಗಿದ್ದ.

"ಸರ, ಅಂಗನವಾಡಿ ಅಕ್ಕಾರು ಏನೋ ಕಳಿಸ್ಯಾರ. ಓದಿ ಹೇಳ್ರಿ."

ಸಂದೇಶ ಮರಾಠಿಯಲ್ಲಿತ್ತು. ಆರು ಮಕ್ಕಳ ಹೆಸರು. ಎರಡು ತಿಂಗಳಿಂದ ಇವರ ತೂಕ ಏರಿಲ್ಲ, ಗುರುವಾರ ತಪಾಸಣೆಗೆ ಕರೆತರಬೇಕು ಎಂಬ ಸೂಚನೆ. ಅವಳ ನಾಲ್ಕು ವರುಷದ ಮೊಮ್ಮಗಳ ಹೆಸರು ಮೂರನೆಯದು. ಆ ಗುರುವಾರ ಮುಗಿದು ಎರಡು ದಿನಗಳಾಗಿದ್ದವು. ಸಂದೇಶದ ಕೆಳಗೆ ಅವಳ ಮೊಬೈಲಿನಿಂದ ಹೆಬ್ಬೆರಳಿನ ಚಿತ್ರವೊಂದು ಆಗಲೇ ಹೋಗಿತ್ತು.

"ಇದನ್ನ ಯಾರು ಒತ್ತಿದ್ರವ್ವ?" ಎಂದೆ.

"ನಾನ ಒತ್ತೀನ್ರಿ. ಹುಡುಗರು ತೋರಿಸಿಕೊಟ್ಟಾರ. ಎಲ್ಲಾರೂ ಒತ್ತತಾರಂತ."

ನಾನು ಓದಿ ಅರ್ಥ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಊರಿಗೆಲ್ಲಾ ಗೊತ್ತಾತೇನ್ರಿ, ಸರ?" ಎಂದು ಕೇಳಿದಳು. ಕೂಸು ಸೊರಗಿದ್ದಕ್ಕಿಂತ ಮೊದಲು ಅವಳನ್ನು ಚುಚ್ಚಿದ್ದು ತಾನು ಕೂಸನ್ನು ನೆಟ್ಟಗೆ ನೋಡಿಕೊಳ್ಳಲಿಲ್ಲವೆಂಬ ಅಪವಾದ.

ಆ ಹೆಬ್ಬೆರಳು ನನ್ನನ್ನು ಅಂದು ನಿದ್ದೆ ಮಾಡಗೊಡಲಿಲ್ಲ. ಏಕೆಂದರೆ ನಾನೂ ನನ್ನ ನೌಕರಿಯಲ್ಲಿ ಅಂಥ ಹೆಬ್ಬೆರಳುಗಳನ್ನು ನೂರಾರು ಕೂಡಿಹಾಕಿದವನು. ಪ್ರಗತಿ ಪತ್ರಕದಲ್ಲಿ ಪಾಲಕರ ಸಹಿ ಎಂಬ ಗೆರೆಯಿರುತ್ತಿತ್ತು. ಓದುಬರಹವಿಲ್ಲದ ತಂದೆ ಮಸಿ ಹಚ್ಚಿದ ಹೆಬ್ಬೆಟ್ಟು ಒತ್ತಿ ಕಳಿಸುತ್ತಿದ್ದ. ಆ ಗುರುತನ್ನು ಕಂಡು ಪಾಲಕರ ಸಹಕಾರ ಚೆನ್ನಾಗಿದೆ ಎಂದು ನಾನು ವರದಿ ಬರೆಯುತ್ತಿದ್ದೆ. ಒಮ್ಮೆ ಪಾಲಕರ ಸಭೆಯಲ್ಲಿ ಹಿಂದುಳಿದ ಮಕ್ಕಳ ಹೆಸರುಗಳನ್ನು ಗಟ್ಟಿಯಾಗಿ ಓದಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಂದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮರುವರುಷ ಅವನ ಮಗನೂ ಬರಲಿಲ್ಲ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಸತ್ಯವನ್ನು ಎಲ್ಲಿ, ಯಾರ ಎದುರಿಗೆ, ಯಾವ ದನಿಯಲ್ಲಿ ಹೇಳಬೇಕೆಂಬುದೂ ಸತ್ಯದ ಒಂದು ಭಾಗವೆಂದು ನನಗೆ ಆಗ ತಿಳಿದಿರಲಿಲ್ಲ. ಅಂದು ನನ್ನ ಕೈಯಲ್ಲಿ ಯಾವ ಯಂತ್ರವೂ ಇರಲಿಲ್ಲವಾದ್ದರಿಂದ ತಪ್ಪನ್ನು ಯಂತ್ರದ ಮೇಲೆ ಹೊರಿಸುವ ಅನುಕೂಲವೂ ನನಗಿಲ್ಲ.

ಸೇವಿಕೆಯರನ್ನು ದೂರುವುದಂತೂ ಅನ್ಯಾಯ. 2021ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಸಾವಿರಾರು ಸೇವಿಕೆಯರು ಸರಕಾರ ಕೊಟ್ಟ ಮೊಬೈಲುಗಳನ್ನು ಮರಳಿ ಒಪ್ಪಿಸಿದರು. ಮೊಬೈಲು ಕೆಡುತ್ತದೆ, ದುರಸ್ತಿಯ ಖರ್ಚು ನಮ್ಮ ಮೇಲೆ ಬೀಳುತ್ತದೆ, ಆ್ಯಪ್ ಇಂಗ್ಲಿಷಿನಲ್ಲಿದೆ, ನಮ್ಮ ಭಾಷೆಯಲ್ಲಿ ಕೊಡಿರಿ ಎಂಬುದು ಅವರ ಬೇಡಿಕೆಯಾಗಿತ್ತು. ಇಂದು ಆ ಆ್ಯಪ್ ಹಲವು ಭಾರತೀಯ ಭಾಷೆಗಳಲ್ಲಿದೆ. ತಮಗೆ ತಿಳಿಯದ ಭಾಷೆಯನ್ನು ಒಲ್ಲೆವೆಂದ ಆ ಹೆಣ್ಣುಮಕ್ಕಳ ನ್ಯಾಯ ನಮ್ಮ ಕನ್ನಡದ ಅಜ್ಜಿಗೂ ಸಲ್ಲಬೇಕಷ್ಟೆ. ಇನ್ನು 2025ರ ಜುಲೈ 1ರಿಂದ ಮನೆಗೆ ಒಯ್ಯುವ ಆಹಾರವನ್ನು ಪಡೆಯಲು ಫಲಾನುಭವಿಯ ಮುಖವನ್ನು ಮೊಬೈಲಿನಲ್ಲಿ ತೋರಿಸಿ ಗುರುತು ಹಿಡಿಸುವುದು ಕಡ್ಡಾಯವಾಗಿದೆ. ಆಹಾರ ಸೋರಿಹೋಗಬಾರದು, ತಲುಪಬೇಕಾದವರಿಗೇ ತಲುಪಬೇಕೆಂಬ ಉದ್ದೇಶ ಒಳ್ಳೆಯದೇ. ಆದರೂ ಸೇವಿಕೆ ತಾಯಿಯ ಮುಖ ನೋಡುವುದಕ್ಕೂ ಮೊಬೈಲು ನೋಡುವುದಕ್ಕೂ ಭೇದವಿದೆ. ಮೊಬೈಲು ಇವಳು ಅವಳೇ ಹೌದೇ ಎಂದಷ್ಟೇ ಕೇಳುತ್ತದೆ. ಸೇವಿಕೆ ಯಾಕವ್ವ, ಮುಖ ಬಾಡೇತಲ್ಲ ಎಂದು ಕೇಳಬಲ್ಲಳು.

ಹಾಗೆಂದು ಮೊಬೈಲನ್ನು ಬಾವಿಗೆ ಎಸೆಯಬೇಕೇ? ಅದೂ ನನ್ನ ಮಾತಲ್ಲ. ಆ ಸಂಜೆ ನಾನು ವಿಷಯ ತಿಳಿಸಿದೊಡನೆ ಸೇವಿಕೆ ಅಜ್ಜಿಯ ಅಂಗಳಕ್ಕೇ ಬಂದಳು. ಬಂದವಳೇ, "ಸಂದೇಶ ಹೋತೇನಂತ ಮ್ಯಾಲಿನವರು ಕೇಳತಾರ್ರಿ ಸರ, ತಿಳೀತೇನಂತ ಯಾರೂ ಕೇಳಂಗಿಲ್ಲ" ಎಂದು ನೊಂದು ನುಡಿದಳು. ಬಳಿಕ ಕಬ್ಬಿನ ಫಡದಲ್ಲಿದ್ದ ತಾಯಿಗೆ ಅದೇ ಮೊಬೈಲಿನಿಂದ ಕರೆ ಮಾಡಿದಳು. ಹಗಲೆಲ್ಲ ಮೋಳಿಗೆ ಹೊತ್ತು ದಣಿದಿದ್ದ ಆ ತಾಯಿ ಮಗಳ ಮುಖವನ್ನು ತೆರೆಯ ಮೇಲೆ ಕಂಡು ಮೊದಲು ಅತ್ತಳು, ಆಮೇಲೆ ಹೇಳಿದಳು: "ರೊಟ್ಟಿ ಹಂಗ ಕೊಟ್ರ ಅಕಿ ಉಣ್ಣಂಗಿಲ್ರಿ ಅಕ್ಕಾರ. ಹಾಲಿನಾಗ ನುರಿಸಿ, ಕಥಿ ಹೇಳಕೋತ ಉಣಿಸಬೇಕು." ಈ ಮಾತು ಯಾವ ಆ್ಯಪ್‌ನ ಯಾವ ಕೋಷ್ಟಕದಲ್ಲಿಯೂ ಇರಲಿಲ್ಲ, ಅದು ತಾಯಿಯೊಬ್ಬಳಿಗೆ ಮಾತ್ರ ಗೊತ್ತಿತ್ತು. ಮುಂದಿನ ತಿಂಗಳು ಕೂಸಿನ ತೂಕ ತುಸು ಏರಿತು. ಅದಕ್ಕೆ ರೊಟ್ಟಿಯೇ ಕಾರಣವೆಂದು ನಾನು ಹೇಳಲಾರೆ. ಆದರೆ ಅಜ್ಜಿ ಸಂತೆಯ ದಿನ ಅಂಗನವಾಡಿಯ ಮುಂದೆ ತಲೆಯೆತ್ತಿ ಹಾಯ್ದಳು.

ಒಂದೇ ಮೊಬೈಲು ಒಮ್ಮೆ ಅಜ್ಜಿಯ ತಲೆ ತಗ್ಗಿಸಿತು, ಒಮ್ಮೆ ತಾಯಿಯನ್ನು ಅಂಗಳಕ್ಕೆ ಕರೆತಂದಿತು. ಭೇದ ಎಲ್ಲಿದೆ? ತಿಳಿಸುವುದು ಬೇರೆ, ಮಾತನಾಡಿಸುವುದು ಬೇರೆ. ತಿಳಿಸುವಾಗ ತಾಯಿ ಸೂಚನೆ ಪಾಲಿಸುವವಳು; ಮಾತನಾಡಿಸುವಾಗ ಅವಳೂ ಬಲ್ಲವಳು. ಮಗುವನ್ನು ಬೆಳೆಸುವ ಕೆಲಸದಲ್ಲಿ ತಾಯಿಯ ಅರಿವಿಗೆ ಸ್ಥಾನ ಕೊಡದ ಸಂಸ್ಥೆ, ಎಷ್ಟು ಸಂದೇಶ ಕಳಿಸಿದರೂ, ಅವಳಿಂದ ಹೆಬ್ಬೆಟ್ಟನ್ನಷ್ಟೇ ಪಡೆದೀತು. 2020ರಲ್ಲಿ ಹುಟ್ಟಿದ ರಾಕೆಟ್ ಲರ್ನಿಂಗ್ ಎಂಬ ಸಂಸ್ಥೆಯು ಮಹಾರಾಷ್ಟ್ರವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಮಕ್ಕಳೊಡನೆ ಮನೆಯಲ್ಲಿ ಮಾಡುವ ಚಿಕ್ಕ ಚಟುವಟಿಕೆಗಳನ್ನು ಕಳಿಸುತ್ತದೆ. ಪಾಲಕರು ತಮ್ಮ ಮಗು ಮಾಡಿದ್ದನ್ನು ಚಿತ್ರ ತೆಗೆದು ಮರಳಿ ಕಳಿಸುತ್ತಾರೆ. ಮನೆಯಿಂದ ಮರಳಿ ಬರುವ ಇಂಥ ದಾರಿಯೊಂದು ತೆರೆದಿದ್ದರೆ ಯಂತ್ರಕ್ಕೂ ಅಂಗಳದ ಗುಣ ಬರುತ್ತದೆ.

ಆದ್ದರಿಂದ ಯಾವುದೇ ಹೊಸ ಸಾಧನವನ್ನು ನಾಲ್ಕು ಪ್ರಶ್ನೆಗಳಿಂದ ಒರೆಗೆ ಹಚ್ಚಬೇಕೆಂದು ನನಗೆ ತೋರುತ್ತದೆ. ಇದು ಆ ಮನೆಯ ಭಾಷೆಯಲ್ಲಿದೆಯೇ? ಓದಲು ಬಾರದವರಿಗೆ ದನಿಯಲ್ಲಿ ತಲುಪುತ್ತದೆಯೇ? ಒಬ್ಬರಿಗೆ ಹೇಳಬೇಕಾದುದನ್ನು ಹತ್ತು ಜನರ ಮುಂದೆ ಹೇಳುತ್ತಿದೆಯೇ? ಮನೆಯವರು ಮರಳಿ ಮಾತನಾಡಿದರೆ ಕೇಳುವವರು ಆ ತುದಿಯಲ್ಲಿ ಇದ್ದಾರೆಯೇ?

ನಮ್ಮ ಸಂಘದ ಬಾಂಧವರಲ್ಲಿ ಒಂದು ವಿನಂತಿ. ಗಡಿಯಲ್ಲಿ ಕನ್ನಡ ಉಳಿಯಬೇಕೆಂದು ನಾವು ವೇದಿಕೆಯ ಮೇಲೆ ಮಾತನಾಡುತ್ತೇವೆ. ವಾರಕ್ಕೊಂದು ಗಂಟೆ ನಿಮ್ಮ ಊರಿನ ಅಂಗನವಾಡಿಯ ಅಂಗಳದಲ್ಲಿ ಕುಳಿತು, ಬಂದ ಸಂದೇಶಗಳನ್ನು ಅಜ್ಜಿಯಂದಿರಿಗೆ ಕನ್ನಡದಲ್ಲಿ ಓದಿ ಹೇಳಿರಿ. ಅವರು ಹೇಳಿದ್ದನ್ನು ಅವರ ದನಿಯಲ್ಲಿಯೇ ಸೇವಿಕೆಗೆ ಕಳಿಸಿರಿ. ನಾನು ಶನಿವಾರ ಸಂಜೆ ಹೋಗುತ್ತಿದ್ದೇನೆ. ಮೊನ್ನೆ ಆ ಅಜ್ಜಿ ನನ್ನ ಪಕ್ಕಕ್ಕೆ ಕುಳಿತು, ಹೆಬ್ಬೆರಳಿನ ಚಿತ್ರವನ್ನು ಒತ್ತಲು ಹೋದವಳು ಕೈ ಹಿಂದೆಗೆದುಕೊಂಡು, "ತಡೀರಿ ಸರ, ಮೊದಲ ಏನಂತ ಹೇಳ್ರಿ" ಎಂದಳು.