ಕೈಗಂಟಿದ ಕಹಿ

ಹೊಗೆಸೊಪ್ಪು ಕಟ್ಟಿದ ದಿನ ಮುದ್ದೆಯೂ ಕಹಿ. ಎಷ್ಟು ತಿಕ್ಕಿ ತೊಳೆದರೂ ಬೆರಳ ಸಂದಿನ ಕಪ್ಪು ಅಂಟು ಪೂರ್ತಿ ಬಿಡುವುದಿಲ್ಲ, ಮೊದಲ ತುತ್ತಿಗೇ ನಾಲಿಗೆಗೆ ತಾಗುತ್ತದೆ. ಹುಣಸೂರು ತಾಲ್ಲೂಕಿನ ಈ ಊರಿಗೆ ಸೊಸೆಯಾಗಿ ಬಂದ ವರ್ಷ ನಾನು ಮುಖ ಹಿಂಡಿದ್ದನ್ನು ನೋಡಿ ಅತ್ತೆ ಹೇಳಿದ್ದರು: "ತಿನ್ನವ್ವ, ಈ ಕಹಿಯಿಂದ್ಲೇ ಮನೆ ನಡೀತಿರೋದು."

ಮನೆ ನಡೆದದ್ದು ನಿಜ. ಬೋರ್‌ವೆಲ್ ಕೊರೆಸಿದ್ದು, ಹೆಂಚು ಇಳಿಸಿ ತಾರಸಿ ಹಾಕಿಸಿದ್ದು, ಮಗಳನ್ನು ನರ್ಸಿಂಗ್ ಓದಿಸಿದ್ದು ಎಲ್ಲವೂ ಈ ಸೊಪ್ಪಿನಿಂದಲೇ. ಆ ಮಗಳು ಈಗ ಮೈಸೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುತ್ತಾಳೆ. ಗೌರಿ ಹಬ್ಬಕ್ಕೆ ಬಂದರೆ ನಮ್ಮ ಜೊತೆ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಾಳೆ. ಏನೂ ಕೇಳುವುದಿಲ್ಲ. ಅವಳು ಕೇಳದೆ ಇರುವುದೇ ನನ್ನನ್ನು ಕೊರೆಯುತ್ತದೆ: ಈ ಪಾಪ ಯಾರದು?

ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ನಾವು ರೈತರು ಮಂಡಳಿಯನ್ನು ತೋರಿಸುತ್ತೇವೆ. 1975ರ ಕಾಯ್ದೆಯಿಂದ ಹುಟ್ಟಿದ ತಂಬಾಕು ಮಂಡಳಿ ಗುಂಟೂರಿನಲ್ಲಿದೆ. ಕರ್ನಾಟಕ ಎಷ್ಟು ಕೆಜಿ ಬೆಳೆಯಬೇಕೆಂದು ಗೊತ್ತುಮಾಡುತ್ತದೆ, ಸೊಪ್ಪು ಬೇಯಿಸುವ ಬ್ಯಾರನ್‌ಗೆ ಲೈಸೆನ್ಸ್ ಕೊಡುತ್ತದೆ, 1984ರಿಂದ ಹರಾಜು ನಡೆಸುತ್ತಿದೆ. ಕಟ್ಟೆಮಳಲವಾಡಿಗೋ ಚಿಲ್ಕುಂದಕ್ಕೋ ಕಂಪಲಾಪುರಕ್ಕೋ ಬೇಲ್ ಒಯ್ದು ಇಳಿಸಿದರೆ ಮುಗಿಯಿತು, ಅದರ ಮುಂದಿನ ದಾರಿ ನಮಗೆ ಕಾಣುವುದಿಲ್ಲ. ಕೊಳ್ಳುವವರು ಹೊರದೇಶದ ಬೇಡಿಕೆ ಅನ್ನುತ್ತಾರೆ. ಸೇದುವವನು ನನ್ನ ದುಡ್ಡು, ನನ್ನ ಎದೆ ಅನ್ನುತ್ತಾನೆ. 2016ರಿಂದ ಪ್ಯಾಕಿನ 85% ಜಾಗದಲ್ಲಿ ಎಚ್ಚರಿಕೆಯ ಚಿತ್ರ ಹಾಕಿಸಿದ ಸರ್ಕಾರ, ಹೇಳುವುದನ್ನು ಹೇಳಿದ್ದೇವಲ್ಲ ಅನ್ನುತ್ತದೆ. ಇದರಲ್ಲಿ ಯಾರ ಮಾತೂ ಸುಳ್ಳಲ್ಲ. ಇಷ್ಟು ಜನಕ್ಕೆ ಹಂಚಿದರೆ ನನ್ನ ಪಾಲಿಗೆ ಸಾಸಿವೆಯಷ್ಟೂ ಬಾರದು. ಬಹಳ ವರ್ಷ ಹೀಗೆ ಹಂಚಿಯೇ ನಿದ್ದೆ ಮಾಡಿದೆ.

ಪಿರಿಯಾಪಟ್ಟಣದ ಕಡೆ ನನ್ನ ತವರು. 1960ರ ದಶಕದ ಶುರುವಿನಲ್ಲಿ ಟಿಬೆಟಿನಿಂದ ಬಂದವರು ಬೈಲುಕುಪ್ಪೆಯಲ್ಲಿ ಕಾಡು ಸವರಿ ನೆಲೆ ನಿಂತದ್ದನ್ನು ನಮ್ಮಜ್ಜ ಕಣ್ಣಾರೆ ಕಂಡವರು. ಅಲ್ಲಿನ ಸೆರಾ ಮಠದಲ್ಲಿ ಭಿಕ್ಷುಗಳು ವಾದ ಮಾಡುವುದನ್ನು ನೋಡಬೇಕು. ಒಬ್ಬ ಕೂತಿರುತ್ತಾನೆ. ಇನ್ನೊಬ್ಬ ನಿಂತು ಪ್ರಶ್ನೆ ಎಸೆದು, ಕಾಲನ್ನು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ಚಟ್ಟನೆ ಹೊಡೆಯುತ್ತಾನೆ. ಏನು ಮಾತೆಂದು ಕನ್ನಡ ಬಲ್ಲ ಹಿರಿಯರೊಬ್ಬರನ್ನು ಕೇಳಿದೆ. ಪ್ರತೀತ್ಯಸಮುತ್ಪಾದ ಅಂದರು, ಯಾವುದೂ ತಾನೇ ತಾನಾಗಿ ಆಗುವುದಿಲ್ಲ, ಎಲ್ಲವೂ ಒಂದಕ್ಕೊಂದು ಆತುಕೊಂಡೇ ಆಗುತ್ತವೆ ಎಂದು ಬಿಡಿಸಿ ಹೇಳಿದರು. ನನಗೆ ಜೀವ ಬಂದಂತಾಯಿತು. "ಹಾಗಾದ್ರೆ ಏನೇ ಆದ್ರೂ ನಾನೊಬ್ಬಳೇ ಕಾರಣ ಅಲ್ಲ ಅಲ್ವಾ?" ಅಂದೆ. "ಒಬ್ಬರೇ ಅಲ್ಲಮ್ಮ," ಅಂದರು. "ನಿಮ್ಮನ್ನ ಬಿಟ್ಟೂ ಅಲ್ಲ."

ಆ ವರ್ಷ ಬ್ಯಾರನ್ ಕಾಯುವ ರಾತ್ರಿಗಳಲ್ಲಿ ಅದೇ ಮಾತು. ಸೊಪ್ಪು ಬೇಯಿಸುವುದೆಂದರೆ ಐದಾರು ದಿನ ಒಲೆಯ ಬುಡದಲ್ಲೇ ವಾಸ. ಎಲೆ ಹಳದಿ ತಿರುಗುವ ತನಕ 100 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು, ಆಮೇಲೆ ಮೆಲ್ಲಗೆ ಏರಿಸುತ್ತ ಹೋಗಿ, ನಡುನರ ಒಣಗುವ ಹೊತ್ತಿಗೆ 160. ಒಂದು ಗಳಿಗೆ ಕಣ್ಣು ಮುಚ್ಚಿದರೆ ಎಲೆ ಕಪ್ಪಾಗಿ ಹರಾಜಿನಲ್ಲಿ ದರ ಬಿದ್ದುಹೋಗುತ್ತದೆ. ಒಂದೊಂದೇ ಕೊರಡು ಒಳಗೆ ತಳ್ಳುತ್ತ ಕೂತಿದ್ದಾಗ ಹೊಳೆಯಿತು: ಇದರಲ್ಲಿ ಯಾವ ಕೊರಡಿನ ಕಾವಿಗೆ ಎಲೆ ಬೆಂದಿತೆಂದು ಯಾರೂ ಹೇಳಲಾರರು. ಹಾಗೆಂದು ಯಾವುದೋ ಒಂದು ಕೊರಡು ನಾನು ಉರಿಯಲೇ ಇಲ್ಲ ಎಂದರೆ ಒಪ್ಪಲಾದೀತೆ? ಕಾವು ಪಾಲಾಗುವುದಿಲ್ಲ. ಪಾಪವೂ ಆಸ್ತಿಯ ಹಾಗೆ ಪಾಲಾಗುವ ವಸ್ತುವಲ್ಲ ಎಂದು ನನಗೆ ಆವತ್ತಿನಿಂದ ಅನಿಸಿದೆ.

ಹಾಗಾದರೆ ಬಿಟ್ಟುಬಿಡು ಅನ್ನಬಹುದು. ಸಾಲ, ಮಂಡಳಿಯ ಕಾರ್ಡು, ಬ್ಯಾರನ್ ಇರುವ ಮನೆಗೆ ಅದು ಒಂದು ದಿನದ ಮಾತಲ್ಲ. ಶರಣೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುತ್ತೇನೆ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೋಗಿ ಅಲ್ಲೇ ಸುರಿದು ಬಾ ಅಂದವಳು ಅವಳು. ಅವಳ ಅಕ್ಕಿ ಬಂದ ಅಂಗಳ ಅವಳಿಗೆ ಗೊತ್ತಿತ್ತು. ನನ್ನ ಸೊಪ್ಪು ಯಾರ ಎದೆಗೆ ಇಳಿಯುತ್ತದೋ ನಾನು ಕಾಣೆ. ಆದರೂ ಇಷ್ಟು ಸಾಕು ಎನ್ನುವ ಅಳತೆ ಅವಳಿಗಿದ್ದ ಹಾಗೆ ನನಗೂ ಇದೆ.

ಕಷ್ಟವೆಂದರೆ, ಆ ಅಳತೆ ಒಂಟಿಯಾಗಿ ನಿಲ್ಲುವುದಿಲ್ಲ. ಮೇನಲ್ಲಿ ಮಳೆ ಬಿದ್ದು ಸಸಿ ನೆಡುವಾಗ, ಪಕ್ಕದ ಹೊಲದವನು ಅರ್ಧ ಎಕರೆ ಜಾಸ್ತಿ ಹಾಕಿದನಂತೆ ಎಂಬ ಸುದ್ದಿ ಬಂದರೆ ಸಾಕು, ನಾವೂ ಹಾಕುತ್ತೇವೆ. ನಮ್ಮನ್ನು ನೋಡಿ ಆಚೆಯವರು. ಕೊನೆಗೆ ಎಲ್ಲರ ಬಳಿಯೂ ಹೆಚ್ಚು ಸೊಪ್ಪು, ಅದಕ್ಕೆ ದಂಡದ ಹೆದರಿಕೆ, ಮೇಲೆ ದರದ ಕುಸಿತ. ಇದನ್ನು ದುರಾಸೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಊರೆಲ್ಲ ಮುಂದೆ ಹೋಗಿ ನಾನೊಬ್ಬಳು ಹಿಂದುಳಿದೇನೆಂಬ ಅಂಜಿಕೆ ಅದು. ಒಬ್ಬೊಬ್ಬರಾಗಿ ಅದನ್ನು ಮೀರಲು ಆಗುವುದಿಲ್ಲ.

ಆಚೆ ವರ್ಷ ಕಡೆಯ ಸೊಪ್ಪು ಕಟ್ಟುವಾಗ, ಮುಯ್ಯಾಳಿಗೆ ಕೂಡುವ ಐದು ಮನೆಯ ಹೆಂಗಸರು ಚಪ್ಪರದಡಿ ಮಾತಾಡಿಕೊಂಡೆವು: ಮಂಡಳಿ ಹೇಳಿದ್ದಕ್ಕಿಂತ ಒಂದು ಸಾಲೂ ಹೆಚ್ಚು ಬೇಡ, ಮಿಕ್ಕ ನೆಲಕ್ಕೆ ರಾಗಿ, ಅವರೆ. ನಮ್ಮ ಯಜಮಾನರು ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ತಾವೇ ರಾಗಿ ಬೀಜ ತಂದರು. ಎರಡು ಮನೆ ಕಡೆಗಳಿಗೆಯಲ್ಲಿ ಸರಿದುಕೊಂಡವು. ಅವರಿಗೆ ಕೈಸಾಲವಿತ್ತು. ಸೊಪ್ಪು ಮುರಿಯಲು ಈಗಲೂ ಅವರ ಹೊಲಕ್ಕೆ ನಾವು, ನಮ್ಮದಕ್ಕೆ ಅವರು.

ಹೋದ ಗೌರಿ ಹಬ್ಬಕ್ಕೆ ಬಂದ ಮಗಳು ಕಡ್ಡಿಗೆ ದಾರ ಸುತ್ತುತ್ತ, "ಈ ಸಲ ಎಷ್ಟು ಕಡ್ಡಿ ಕಮ್ಮಿಯಾಯ್ತವ್ವ?" ಅಂದಳು. ಕೈ ಒರೆಸಿಕೊಂಡು ಎದ್ದು, ಅವಳನ್ನೂ ಕರೆದುಕೊಂಡು ಹೋಗಿ ಎಣಿಸಿದೆ.