ಕೊಂಡವರ ಧರ್ಮ

ವ್ಯಾಪಾರವೆಂದರೆ ದ್ರೋಹಚಿಂತನೆ ಎಂದು ನಮ್ಮ ಹಿರಿಯರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟರು. ಆ ಮಾತಿನ ನಿಷ್ಠುರವನ್ನು ಬದಿಗಿಟ್ಟರೂ, ನಮ್ಮ ನೀತಿಬೋಧೆಯೆಲ್ಲ ಬಹುಕಾಲದಿಂದ ಅಂಗಡಿಯ ಒಳಗೆ ಕುಳಿತವನನ್ನೇ ಗುರಿ ಮಾಡಿಕೊಂಡು ಬಂದಿರುವುದು ನಿಜ. ತಕ್ಕಡಿಯ ಮುಳ್ಳು ನೆಟ್ಟಗಿರಲಿ, ಸೇರು ಪಾವು ತಗ್ಗದಿರಲಿ, ಹಾಲಿಗೆ ನೀರು ಬೆರೆಸಬೇಡ, ಅಕ್ಕಿಗೆ ಕಲ್ಲು ಸೇರಿಸಬೇಡ ಎಂಬ ಉಪದೇಶವೆಲ್ಲ ಮಾರುವವನಿಗೆ. ಕೊಳ್ಳುವವನಿಗೆ ಹೇಳಿದ್ದು ಒಂದೇ ಮಾತು: ನೋಡಿ ಕೊಳ್ಳಪ್ಪ, ಮೋಸ ಹೋಗಬೇಡ. ಅವನಿಗೆ ಸಿಕ್ಕಿದ್ದು ಎಚ್ಚರಿಕೆ. ನೀತಿಯನ್ನು ಯಾರೂ ಹೇಳಲಿಲ್ಲ.

ಇದಕ್ಕೆ ಕಾರಣವಿಲ್ಲದಿಲ್ಲ. ಕೊಳ್ಳುವವನಿಗೆ ತಪ್ಪು ಮಾಡುವ ಅವಕಾಶವೇ ಕಡಮೆಯಾಗಿತ್ತು. ಸಾಲ ಹೇಳಿ ಮುಖ ತಪ್ಪಿಸುವುದು, ಸವೆದ ನಾಣ್ಯವನ್ನು ಕತ್ತಲಲ್ಲಿ ದಾಟಿಸುವುದು, ಹೆಚ್ಚೆಂದರೆ ಇಷ್ಟೆ. ನಗದು ಕೊಟ್ಟು ಸಾಮಾನು ಹಿಡಿದು ಮೆಟ್ಟಿಲಿಳಿದನೆಂದರೆ ಅವನ ಕೈ ಬರಿದಾಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ! ‘ಮಾರಿದ ಸಾಮಾನನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ’ ಎಂಬ ಹಲಗೆಯ ಕೆಳಗೆ ಕುಳಿತ ಈರಭದ್ರನೊಡನೆ ವಾದಿಸಿ ಗೆದ್ದವರು ಎಷ್ಟು ಮಂದಿ? ಶಕ್ತಿ ಎಲ್ಲಿದೆಯೋ ಅಲ್ಲಿಗೆ ನೀತಿಯ ಬೋಧೆ ಹೋಗುವುದು ಸಹಜವೇ.

ಆದರೆ ಈಗ ಆ ಶಕ್ತಿ ಜಾಗ ಬದಲಾಯಿಸಿದೆ. ಚಾರ್ಜ್‌ಬ್ಯಾಕ್ ಎಂಬ ಮಾತನ್ನು ಓದುಗರಲ್ಲಿ ಹಲವರು ಕೇಳಿರಬಹುದು. ಮನೆಯಲ್ಲಿ ಕುಳಿತು ಕಾರ್ಡಿನಿಂದ ಹಣ ತೆತ್ತು ಸಾಮಾನು ತರಿಸುತ್ತೇವೆ. ಸಾಮಾನು ಬರಲಿಲ್ಲ, ಅಥವಾ ಬಂದದ್ದು ಹೇಳಿದಂತಿರಲಿಲ್ಲ, ಅಥವಾ ಹಣ ತೆತ್ತವರು ನಾವೇ ಅಲ್ಲ, ಯಾರೋ ಕಳ್ಳರು. ಆಗ ನಮ್ಮ ಬ್ಯಾಂಕಿಗೆ ದೂರು ಕೊಡುತ್ತೇವೆ. ನಮ್ಮ ಬ್ಯಾಂಕು ಮಾರಿದವರ ಬ್ಯಾಂಕಿಗೆ ತಿಳಿಸುತ್ತದೆ. ಸಾಮಾನ್ಯವಾಗಿ ವಿಚಾರಣೆಗೆ ಮೊದಲೇ ಆ ಮೊತ್ತ ಮಾರಿದವರ ಲೆಕ್ಕದಿಂದ ಕಡಿತವಾಗಿ ನಿಲ್ಲುತ್ತದೆ. ರಸೀತಿ, ಸಾಮಾನು ತಲುಪಿಸಿದ ಗುರುತು, ನಡೆದ ಪತ್ರವ್ಯವಹಾರ ಇವನ್ನೆಲ್ಲ ಗೊತ್ತಾದ ದಿನಗಳೊಳಗೆ ಒಪ್ಪಿಸಿ ಅವರು ತಮ್ಮ ಪಕ್ಷವನ್ನು ಹೇಳಿಕೊಳ್ಳಬೇಕು. ಹೇಳದಿದ್ದರೆ, ಹೇಳಿದ್ದು ಸಾಲದಿದ್ದರೆ, ಹಣ ಕೊಂಡವರಿಗೆ ಹಿಂದಿರುಗುತ್ತದೆ. ವೀಸಾ, ಮಾಸ್ಟರ್‌ಕಾರ್ಡ್ ಸಂಸ್ಥೆಗಳ ನಿಯಮಗಳಲ್ಲಿ ಅನೇಕ ಬಗೆಯ ತಕರಾರುಗಳಿಗೆ ೧೨೦ ದಿನಗಳವರೆಗೆ ಅವಕಾಶವಿದೆ. ಹೇಳುವವನೇ ಸಾಬೀತು ಮಾಡಬೇಕೆಂಬುದು ನ್ಯಾಯಸ್ಥಾನದ ಹಳೆಯ ಕಟ್ಟಳೆ. ಇಲ್ಲಿ ‘ಬರಲಿಲ್ಲ’ ಎಂದು ಹೇಳುವವನು ಒಬ್ಬ, ‘ಬಂದಿದೆ’ ಎಂದು ಸಾಬೀತು ಮಾಡಬೇಕಾದವನು ಇನ್ನೊಬ್ಬ.

ಈ ಏರ್ಪಾಡನ್ನು ನಾನು ನಿಂದಿಸುತ್ತಿಲ್ಲ. ಅದು ಹುಟ್ಟಿದ್ದೇ ದುರ್ಬಲರ ಕಡೆಯಿಂದ. ೧೯೭೪ರಲ್ಲಿ ಅಮೆರಿಕದಲ್ಲಿ ಬಂದ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆಕ್ಟ್, ಸಾಲದ ಕಾರ್ಡಿನ ಲೆಕ್ಕದಲ್ಲಿ ತಪ್ಪು ಕಂಡವರಿಗೆ ೬೦ ದಿನಗಳೊಳಗೆ ಬರೆದು ತಿಳಿಸುವ ಹಕ್ಕನ್ನೂ, ವಿವಾದ ತೀರುವ ತನಕ ಆ ಮೊತ್ತವನ್ನು ಕಟ್ಟದೆ ತಡೆಹಿಡಿಯುವ ಹಕ್ಕನ್ನೂ ಕೊಟ್ಟಿತು. ನಮ್ಮಲ್ಲಿ ರಿಸರ್ವ್ ಬ್ಯಾಂಕು ೨೦೧೭ರ ಜುಲೈ ೬ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಮೂರನೆಯವರಿಂದ ನಡೆದ ವಂಚನೆಯನ್ನು ಖಾತೆದಾರನು ೩ ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ನಷ್ಟದ ಹೊಣೆಯಿಲ್ಲವೆಂದೂ, ತಪ್ಪು ಖಾತೆದಾರನದೆಂದು ತೋರಿಸುವ ಭಾರ ಬ್ಯಾಂಕಿನ ಮೇಲಿದೆಯೆಂದೂ ಹೇಳಿತು. ಪಿಂಚಣಿಯ ಹಣವನ್ನು ಕಣ್ಣೆದುರೇ ಕಳೆದುಕೊಂಡು ಬ್ಯಾಂಕಿನ ಕಿಟಕಿಯಿಂದ ಕಿಟಕಿಗೆ ಅಲೆದ ವೃದ್ಧರನ್ನು ನೋಡಿದವರು ಇಂಥ ನಿಯಮವನ್ನು ಬೇಡವೆನ್ನಲಾರರು. ಕಾರ್ಡಿನ ವ್ಯಾಪಾರ ಇಷ್ಟು ಹಬ್ಬಿರುವುದಕ್ಕೂ ಈ ಭರವಸೆಯೇ ಒಂದು ಕಾರಣ.

ಕೊಂಡದ್ದನ್ನು ಹಿಂದಿರುಗಿಸುವ ಪ್ರಶ್ನೆ ಹೊಸದೂ ಅಲ್ಲ. ನಮ್ಮ ಧರ್ಮಶಾಸ್ತ್ರಗಳು ವಿವಾದಗಳನ್ನು ವಿಂಗಡಿಸುವಾಗ ಕೊಂಡು ಮಾರಿದ ಮೇಲೆ ಹುಟ್ಟುವ ಪಶ್ಚಾತ್ತಾಪಕ್ಕೆ, ಅಂದರೆ ‘ಅನುಶಯ’ಕ್ಕೆ, ಒಂದು ಪ್ರತ್ಯೇಕ ಪ್ರಕರಣವನ್ನೇ ಇಟ್ಟಿವೆ. ಮನುವಿನ ಪ್ರಕಾರ ೧೦ ದಿನಗಳೊಳಗೆ ವ್ಯಾಪಾರವನ್ನು ಮುರಿಯಬಹುದು. ಯಾಜ್ಞವಲ್ಕ್ಯ ಇನ್ನೂ ವ್ಯವಹಾರಜ್ಞ. ವಸ್ತುವಿಗೆ ತಕ್ಕಂತೆ ಪರೀಕ್ಷೆಯ ಅವಧಿಯನ್ನು ಹೇಳುತ್ತಾನೆ. ಬಿತ್ತನೆಯ ಬೀಜಕ್ಕೆ ೧೦ ದಿನ, ಕಬ್ಬಿಣಕ್ಕೆ ೧, ಹೊರೆ ಹೊರುವ ಪ್ರಾಣಿಗೆ ೫, ರತ್ನಕ್ಕೆ ೭, ಕರೆಯುವ ಹಸುವಿಗೆ ೩. ಆಳುಗಳನ್ನೂ ಕೊಳ್ಳುತ್ತಿದ್ದ ಕಾಲ ಅದು; ಅವರಿಗೂ ಒಂದು ಅವಧಿ ಅಲ್ಲಿ ನಮೂದಾಗಿದೆಯೆಂಬುದನ್ನು ಇಂದು ಓದುವಾಗ ನಾಚಿಕೆಯಾಗುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ನಮ್ಮ ನಾಡಿನವನೇ. ೧೦೭೬ರಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಇದ್ದವನು.

ಹಳೆಯ ನಿಯಮದಲ್ಲಿ ಎರಡು ಅಂಶಗಳು ನನ್ನ ಗಮನವನ್ನು ಸೆಳೆಯುತ್ತವೆ. ಒಂದು, ಮನು ಕೊಟ್ಟ ಹಕ್ಕು ಕೊಂಡವನಿಗೂ ಉಂಟು, ಮಾರಿದವನಿಗೂ ಉಂಟು. ಪಶ್ಚಾತ್ತಾಪ ಯಾರಿಗಾದರೂ ಆಗಬಹುದಷ್ಟೆ. ಇನ್ನೊಂದು, ಹಣ ಹಿಂದಿರುಗಬೇಕಾದರೆ ವಸ್ತುವೂ ಹಿಂದಿರುಗಬೇಕು. ಹಸುವನ್ನು ಬಿಟ್ಟುಕೊಡದೆ ಅದರ ಬೆಲೆಯನ್ನು ಮಾತ್ರ ಕೇಳುವುದು ಯಾರಿಗೂ ಹೊಳೆಯದ ಸಂಗತಿ. ಹಸುವಿನ ಹಗ್ಗವನ್ನು ಹಿಡಿದು ಮಾರಿದವನ ಬಾಗಿಲಿಗೆ ಹೋಗಬೇಕು, ಅವನ ಮುಖ ನೋಡಿ ಕಾರಣ ಹೇಳಬೇಕು. ಸುಳ್ಳು ಹೇಳುವುದಾದರೂ ಮುಖ ನೋಡಿಯೇ ಹೇಳಬೇಕು! ಆಮೇಲೆ ಬಂದ ವಿ.ಪಿ.ಪಿ.ಯಲ್ಲಿಯೂ ಅಷ್ಟೇ. ಪುಸ್ತಕ ತರಿಸಿದವರು ಅಂಚೆಯವನಿಗೆ ‘ಬೇಡ’ ಎಂದರೆ ಪ್ರಕಾಶಕನಿಗೆ ಅಂಚೆಯ ಖರ್ಚು ದಂಡವಾಗುತ್ತಿತ್ತು. ಪುಸ್ತಕವಂತೂ ಅವನ ಕಪಾಟಿಗೆ ಮರಳುತ್ತಿತ್ತು. ಈಗಿನ ಏರ್ಪಾಡಿನಲ್ಲಿ ಮುಖವೂ ಇಲ್ಲ, ಎಷ್ಟೋ ಸಲ ವಸ್ತುವೂ ಇಲ್ಲ. ಹಣ ಮಾತ್ರ ಹಿಂದೆ ಸರಿಯುತ್ತದೆ.

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ನಗರದ ಓದುಗರಿಗೆ ಕಾಫಿಯ ತೋಟ, ಮಂಜು, ಜಿಟಿಜಿಟಿ ಮಳೆ ನೆನಪಾಗುತ್ತವೆ. ಕಡೂರು ತಾಲ್ಲೂಕು ಆ ಜಿಲ್ಲೆಯ ಬಯಲುಸೀಮೆ. ಅಲ್ಲಿಯ ಹೋಬಳಿ ಕೇಂದ್ರಗಳಲ್ಲೊಂದು ಚೌಳಹಿರಿಯೂರು. ರಾಗಿ, ತೆಂಗು, ಅಡಕೆ. ಮಳೆ ಬಂದರೆ ಉಂಟು, ಇಲ್ಲವಾದರೆ ಕೊಳವೆಬಾವಿ ಕೊಟ್ಟಷ್ಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಊರಿನವನು. ಕೊಬ್ಬರಿಯನ್ನು ಮಂಡಿಯವರು ಹೇಳಿದ ದರಕ್ಕೆ ಸುರಿದು ಬರುವುದಕ್ಕಿಂತ ಗಾಣದಲ್ಲಿ ಎಣ್ಣೆ ತೆಗೆಸಿ ತಾನೇ ಮಾರಬೇಕೆಂದು ಅವನಿಗೆ ತೋರಿತು. ಅವನೂ ಹೆಂಡತಿಯೂ ಸೀಸೆ ತುಂಬಿ, ಹುಲ್ಲು ಸುತ್ತಿ, ಪೆಟ್ಟಿಗೆ ಕಟ್ಟಿ ಬೆಂಗಳೂರಿಗೆ ಕಳುಹಿಸುತ್ತಾರೆ. ಒಮ್ಮೆ ೧೨ ಸೀಸೆಗಳಿಗೆ ಬೇಡಿಕೆ ಬಂತು, ೫,೪೦೦ ರೂಪಾಯಿ. ಕಳುಹಿಸಿದರು, ತಲುಪಿತೆಂದು ಕೊರಿಯರಿನವರೂ ಬರೆದರು. ೭೦ ದಿನಗಳ ಮೇಲೆ ಅವನಿಗೆ ಬಂದದ್ದು ಒಂದು ತಿಳಿವಳಿಕೆ: ಸಾಮಾನು ಬರಲೇ ಇಲ್ಲವೆಂದು ಕೊಂಡವರ ದೂರು, ಹಣವನ್ನು ತಡೆಹಿಡಿಯಲಾಗಿದೆ, ಒಂದು ವಾರದೊಳಗೆ ಸಾಕ್ಷ್ಯ ಒಪ್ಪಿಸತಕ್ಕದ್ದು.

ಅವನಲ್ಲಿದ್ದ ಸಾಕ್ಷ್ಯ ಕೊರಿಯರಿನ ಒಂದು ಚೀಟಿ. ಅದರ ಮೇಲೆ ಓದಲಾಗದ ಒಂದು ಸಹಿ. ಬಹುಶಃ ಆ ವಸತಿ ಕಟ್ಟಡದ ಕಾವಲುಗಾರನದು. ಕೊಂಡವರ ಸಹಿ ಅದಲ್ಲವೆಂದು ತೀರ್ಮಾನವಾಗಿ ಹಣ ಹೋಯಿತು. ತಕರಾರಿನ ಶುಲ್ಕವೆಂದು ಇನ್ನೂ ಒಂದಿಷ್ಟು ಹೋಯಿತು. ಎಣ್ಣೆಯಂತೂ ಮೊದಲೇ ಹೋಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನು ಎರಡು ಸಲ ಆಕೆಗೆ ಫೋನು ಮಾಡಿದ. ಎತ್ತಲಿಲ್ಲ. ಗುರುತಿಲ್ಲದ ಕರೆಯನ್ನು ಎತ್ತಬಾರದೆಂದು ನಾವೆಲ್ಲ ಇಂದು ಕಲಿತಿದ್ದೇವಲ್ಲ! ಇದನ್ನೆಲ್ಲ ಹೇಳಿ ಅವನು ಕೊನೆಗೆ ಆಡಿದ ಮಾತು ಇದು: “ಆಯಮ್ಮ ಸುಳ್ಳು ಹೇಳಿದ್ರು ಅಂತ ನಾನು ಅನ್ನಲ್ಲ ಸಾರ್. ಬ್ಯಾಂಕಿಗೆ ಹೇಳೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತು.”

ಅವನ ಮಾತು ನ್ಯಾಯವಾದದ್ದು. ಆಕೆ ಸುಳ್ಳು ಹೇಳಿದರೆಂದು ಹೇಳಲು ನಮಗೆ ಆಧಾರವಿಲ್ಲ. ಪೆಟ್ಟಿಗೆ ಕಾವಲುಗಾರನ ಕೊಠಡಿಯ ಮೂಲೆಯಲ್ಲೇ ಉಳಿದಿರಬಹುದು. ಪಕ್ಕದ ಮನೆ ಸೇರಿರಬಹುದು. ಇಬ್ಬರೂ ಪ್ರಾಮಾಣಿಕರಾಗಿದ್ದೂ ಒಬ್ಬರಿಗೆ ಅನ್ಯಾಯವಾಯಿತು. ಸಂತೆಯಲ್ಲಾಗಿದ್ದರೆ ಮುಂದಿನ ವಾರ ಎರಡು ಮಾತಿನಲ್ಲಿ ಮುಗಿಯಬಹುದಾಗಿದ್ದ ಸಂಗತಿ ಇದು. ಸಂತೆಯೇನೂ ಸತ್ಯಲೋಕವಲ್ಲ, ಅಲ್ಲಿಯೂ ತೂಕದ ಕಲ್ಲು ಸವೆದಿರುತ್ತದೆ. ಆದರೆ ಅಲ್ಲಿ ಇಬ್ಬರೂ ಮತ್ತೆ ಎದುರಾಗಲೇಬೇಕು. ಆ ಒಂದು ನಿರ್ಬಂಧ ಅರ್ಧ ನೀತಿಯ ಕೆಲಸವನ್ನು ಮಾಡಿಬಿಡುತ್ತಿತ್ತು.

ಹಾಗಾದರೆ ನಿಯಮವನ್ನು ತಿರುಗಿಸಿಬಿಡೋಣವೆ? ಕೊಂಡವರೇ ಸಾಬೀತು ಮಾಡಲಿ ಎನ್ನೋಣವೆ? ಅದು ಆಗದ ಮಾತು. ಬಾರದ ಪೆಟ್ಟಿಗೆ ಬರಲಿಲ್ಲವೆಂದು ಯಾರು ಹೇಗೆ ತೋರಿಸಬಲ್ಲರು? ದೂರದಲ್ಲಿ ಕುಳಿತ ಬ್ಯಾಂಕಿಗೆ ಇಬ್ಬರ ಮನಸ್ಸೂ ಕಾಣದು. ಅದರ ನಿಯಮ ಯಾವುದಾದರೊಂದು ಕಡೆಗೆ ವಾಲಲೇಬೇಕು. ವಾಲುವಾಗ ಮಾರುವವನು ಬಲಿಷ್ಠನೆಂದು ಅದು ಭಾವಿಸುತ್ತದೆ. ನೂರು ಅಂಗಡಿಗಳ ಒಡೆಯನ ಎದುರು ಒಬ್ಬ ಗೃಹಸ್ಥ ನಿಂತ ಚಿತ್ರ ಅದರ ಕಣ್ಣಮುಂದೆ ಇದೆ. ನಮ್ಮ ಬಯಲುಸೀಮೆಯ ಅನುಭವ ಬೇರೆ. ಇಲ್ಲಿ ಮಾರುವವನೆಂದರೆ ರೈತ. ತಾನು ಬೆಳೆದದ್ದಕ್ಕೆ ತಾನು ಬೆಲೆ ಕಟ್ಟಲಾರದೆ, ಮಂಡಿಯ ಜಗಲಿಯ ಮೇಲೆ ಮೂಟೆಯ ಪಕ್ಕದಲ್ಲಿ ಕುಳಿತು, ಕೊಳ್ಳುವವನ ಬಾಯಿಂದ ಬೀಳುವ ದರಕ್ಕಾಗಿ ಕಾಯುವವನು. ಅವನು ಗಾಣ ಹಾಕಿಸಿ ಸೀಸೆ ತುಂಬಿದ ಮಾತ್ರಕ್ಕೆ ಈರಭದ್ರನಾಗಲಿಲ್ಲ. ನಿಯಮದ ದೃಷ್ಟಿಯಲ್ಲಿ ಅವನಿಗೂ ದೊಡ್ಡ ಕಂಪೆನಿಗೂ ಹೆಸರು ಒಂದೇ: ಮಾರಾಟಗಾರ.

ನಿಯಮ ಕಾಣದ ಈ ವ್ಯತ್ಯಾಸವನ್ನು ಕಾಣಬಲ್ಲವರು ಕೊಂಡವರು ಮಾತ್ರ. ಆದ್ದರಿಂದ ನನಗೆ ತೋರುವುದು ಇಷ್ಟು: ಸಾಕ್ಷ್ಯದ ಹೊರೆಯನ್ನು ಕಾನೂನು ಮಾರಿದವನ ಹೆಗಲಿಗೆ ಹಾಕಿದಾಗ, ಸತ್ಯದ ಹೊರೆ ಕೊಂಡವನ ಹೆಗಲಿಗೆ ಬರುತ್ತದೆ. ನನ್ನ ಮಾತನ್ನು ಪ್ರಶ್ನಿಸದೆ ನಂಬುವವರ ಮುಂದೆ ನಾನು ಎಂದಿಗಿಂತ ಹೆಚ್ಚು ಎಚ್ಚರದಿಂದ ಮಾತನಾಡಬೇಕು. ಪರೀಕ್ಷೆಯಲ್ಲಿ ಮೇಲ್ವಿಚಾರಕರಿಲ್ಲದ ಕೊಠಡಿಯಲ್ಲಿ ಬರೆಯುವ ಹುಡುಗನ ಸ್ಥಿತಿ ಅದು. ನಂಬಿಕೆಯನ್ನು ಹಕ್ಕೆಂದು ಪಡೆದವನಿಗೆ ನಂಬಿಕೆಗೆ ಅರ್ಹನಾಗಿರುವ ಕರ್ತವ್ಯವೂ ಜೊತೆಗೇ ಬಂತು.

ಈ ಕರ್ತವ್ಯ ದೊಡ್ಡ ವಂಚಕರಿಗೆ ಹೇಳುವಂಥದಲ್ಲ. ಅವರು ಭಾನುವಾರದ ಪತ್ರಿಕೆಯ ಪ್ರಬಂಧಗಳನ್ನು ಓದಿ ತಿದ್ದಿಕೊಳ್ಳುವವರಲ್ಲ. ಹೇಳಬೇಕಾದದ್ದು ನಮ್ಮಂಥವರಿಗೆ. ನಮ್ಮ ಸುಳ್ಳುಗಳು ಸಣ್ಣವು, ಅನುಕೂಲದವು. ಸೀರೆಯ ಬಣ್ಣ ಚಿತ್ರದಲ್ಲಿ ಕಂಡಂತೆ ಇಲ್ಲ, ಮನಸ್ಸಿಗೆ ಬರಲಿಲ್ಲ; ಹಿಂದಿರುಗಿಸುವ ದಿನ ಮೀರಿದೆ. ದೂರಿನ ನಮೂನೆಯಲ್ಲಿ ‘ಇಷ್ಟವಾಗಲಿಲ್ಲ’ ಎಂಬ ಕಾರಣಕ್ಕೆ ಹಣ ಬರುವುದಿಲ್ಲ. ‘ದೋಷವಿತ್ತು’ ಎಂದರೆ ಬರುತ್ತದೆ. ‘ಬರಲೇ ಇಲ್ಲ’ ಎಂದರೆ ಇನ್ನೂ ಸುಲಭವಾಗಿ ಬರುತ್ತದೆ. ಯಾವುದರ ಎದುರು ಗುರುತು ಹಾಕುತ್ತೇವೆ? ಮಗ ಆಟಕ್ಕಾಗಿ ಫೋನಿನಲ್ಲಿ ತೆತ್ತ ಹಣವನ್ನು ‘ನಮಗೆ ಗೊತ್ತಿಲ್ಲದೆ ಹೋಯಿತು’ ಎನ್ನುತ್ತೇವೆಯೋ, ಮಗನನ್ನು ಕರೆದು ಕೇಳುತ್ತೇವೆಯೋ? ಹಣ ಹಿಂದಿರುಗಿದ ಹದಿನೈದು ದಿನಕ್ಕೆ ಕಳೆದ ಪೆಟ್ಟಿಗೆ ಮನೆಗೆ ಬಂದರೆ ಬ್ಯಾಂಕಿಗೆ ಇನ್ನೊಂದು ಪತ್ರ ಬರೆಯುತ್ತೇವೆಯೋ? ಕೊಂಡವರ ಧರ್ಮವೆಲ್ಲ ಇಂಥ ಪ್ರಶ್ನೆಗಳ ಉತ್ತರದಲ್ಲಿದೆ.

‘ನಷ್ಟ ಯಾವುದೋ ಕಂಪೆನಿಯದು, ಅದಕ್ಕೇನು ಕೊರತೆ’ ಎಂದು ಸಮಾಧಾನ ಹೇಳಿಕೊಳ್ಳುವುದುಂಟು. ಸರ್ಕಾರಿ ಆಸ್ತಿಯ ವಿಚಾರದಲ್ಲಿ ನಾವು ಬಹುಕಾಲದಿಂದ ಅಭ್ಯಾಸ ಮಾಡಿರುವ ಸಮಾಧಾನವೇ ಇದು. ದೊಡ್ಡ ಕಂಪೆನಿ ಇಂಥ ನಷ್ಟವನ್ನು ಮೊದಲೇ ಎಣಿಸಿ ಬೆಲೆಯಲ್ಲಿ ಸೇರಿಸುತ್ತದೆ. ಅದನ್ನು ತೆರುವವರು ಪ್ರಾಮಾಣಿಕರಾದ ಇತರ ಗಿರಾಕಿಗಳು. ಚಿಕ್ಕವರಿಗೆ ಆ ಉಪಾಯವಿಲ್ಲ. ೧೨ ಸೀಸೆಯ ನಷ್ಟವನ್ನು ತುಂಬಲು ಅವರು ಇನ್ನೆಷ್ಟು ಸೀಸೆ ಮಾರಬೇಕೋ! ಎರಡು ಮೂರು ಸಲ ಹೀಗಾದರೆ ಬಾಗಿಲು ಮುಚ್ಚಿ ಮತ್ತೆ ಮಂಡಿಯ ಜಗಲಿಗೆ ಹೋಗುತ್ತಾರೆ. ಆಮೇಲೆ ನಮಗೆ ಉಳಿಯುವುದು ದೊಡ್ಡವರ ಅಂಗಡಿಗಳು ಮಾತ್ರ. ಗಾಣದ ಎಣ್ಣೆ ಎಲ್ಲೂ ಸಿಗುವುದಿಲ್ಲವಲ್ಲ ಎಂದು ಆಗ ನಾವೇ ಮರುಗುತ್ತೇವೆ.

ದೂರು ಕೊಡಬಾರದೆಂದು ನಾನು ಹೇಳುತ್ತಿಲ್ಲ. ಮೋಸ ಹೋದವರು ದೂರು ಕೊಡಲೇಬೇಕು, ಬೇಗನೆ ಕೊಡಬೇಕು. ಸುಮ್ಮನಿದ್ದರೆ ವಂಚಕನಿಗೆ ನೆರವಾದಂತೆ. ಕಳ್ಳತನವಲ್ಲದ ಉಳಿದ ತಕರಾರುಗಳಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಮನೆಯವರನ್ನು, ಕಾವಲುಗಾರನನ್ನು ವಿಚಾರಿಸುವುದು. ಮಾರಿದವರಿಗೆ ಒಂದು ಮಾತು ತಿಳಿಸಿ ಎರಡು ದಿನ ಕಾಯುವುದು. ಅವರು ಉತ್ತರ ಕೊಡದಿದ್ದರೆ ಬ್ಯಾಂಕಿಗೆ ಹೋಗುವುದು. ಹೋದಾಗ ಇದ್ದ ಕಾರಣವನ್ನೇ ಬರೆಯುವುದು. ಇದರಿಂದ ಕೊಂಡವರ ಹಕ್ಕೇನೂ ಕಳೆದುಹೋಗದು, ಅವಧಿ ಬೇಕಾದಷ್ಟಿದೆ.

ನಮ್ಮ ಸಂತೆಗಳಲ್ಲಿ ಅಳತೆ ಮುಗಿದ ಮೇಲೆ ಮಾರುವವರು ಒಂದು ಹಿಡಿ ಕೊಸರು ಹಾಕುತ್ತಾರೆ. ಅದು ಲೆಕ್ಕಕ್ಕೆ ಸೇರಿದ್ದಲ್ಲ; ಕೇಳಿದರೂ ಹಾಕುತ್ತಾರೆ, ಕೇಳದಿದ್ದರೂ ಹಾಕುತ್ತಾರೆ. ಲೆಕ್ಕದಾಚೆಗೂ ನಮ್ಮಿಬ್ಬರ ನಡುವೆ ಏನೋ ಇದೆ ಎಂಬುದಕ್ಕೆ ಅದು ಗುರುತು. ಕೊಸರು ಹಾಕುವುದು ಇದುವರೆಗೆ ಮಾರುವವರ ಪಾಲಿಗೆ ಮಾತ್ರ ಬಂದಿತ್ತು. ದೂರು ಬರೆಯುವ ಮೊದಲು ಕಳುಹಿಸಿದವರನ್ನು ಒಂದು ಮಾತು ಕೇಳಿದರೆ, ಕೊಂಡವರೂ ಅಷ್ಟು ಕೊಸರು ಹಾಕಿದಂತಾಗುತ್ತದೆ.