ಕೀಲಿಕೈ ಇದ್ದವನ ಸಮಾಧಾನ

2024ರ ಏಪ್ರಿಲ್ ಮತ್ತು ಮೇ ತಿಂಗಳನ್ನು ನಾನು ಪುಣೆಯಲ್ಲಿ ಒಂದು ಗಾಡಿಯೊಳಗೆ ಕಳೆದೆ. ಹೀಗೆಂದ ಕೂಡಲೇ ಕೇಳಿದವರ ಮುಖ ಅರಳುತ್ತದೆ. "ಓಹೋ, ಕ್ಯಾರವಾನಾ? ವ್ಯಾನ್ ಲೈಫಾ?" ಎನ್ನುತ್ತಾರೆ. ಹೌದು ಎಂದುಬಿಡುವುದು ಸುಲಭ. ಆ ಎರಡು ತಿಂಗಳೂ ನಾನು ಎಲ್ಲರಿಗೂ ಹೌದು ಎಂದೇ ಹೇಳಿದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಪೂರ್ತಿ ಸುಳ್ಳಲ್ಲದ ಮಾತಿನಿಂದಲೂ ಕೆಡುಕಾಗುತ್ತದೆ ಎಂದು ನನಗೆ ಗೊತ್ತಾದದ್ದು ಆ ಬೇಸಿಗೆಯಲ್ಲೇ.

ನಡೆದದ್ದು ಇಷ್ಟು. ವಾಕಡದಲ್ಲಿ ನಾನಿದ್ದ ಬಾಡಿಗೆ ಮನೆಯ 11 ತಿಂಗಳ ಕರಾರು ಮಾರ್ಚ್ ಕೊನೆಗೆ ಮುಗಿಯಿತು. ಮಾಲೀಕರು ಮನೆ ಮಾರುವವರಿದ್ದರು. ಅದಕ್ಕೂ ಮೊದಲು, ಫೆಬ್ರವರಿಯಲ್ಲಿ, ಅಪ್ಪನಿಗೆ ಹುಬ್ಬಳ್ಳಿಯಲ್ಲಿ ಹೃದಯದ ಆಪರೇಷನ್ ಆಗಿತ್ತು. ವಿಮೆ ಕೊಟ್ಟಷ್ಟು ಕೊಟ್ಟಿತು, ಉಳಿದದ್ದಕ್ಕೆ ನನ್ನ ಉಳಿತಾಯ ಕರಗಿತು. ವಾಪಸ್ ಬಂದ ಡಿಪಾಸಿಟ್ ಹಣ ಕೈಗಡ ತೀರಿಸಲು ಹೋಯಿತು. ಹೊಸ ಮನೆಯ ಡಿಪಾಸಿಟ್ಟಿಗೆ, ಏಜೆಂಟನ ಕಮಿಷನ್ನಿಗೆ, ಮೊದಲ ತಿಂಗಳ ಬಾಡಿಗೆಗೆ ಇನ್ನೆರಡು ಸಂಬಳ ಬೇಕಿತ್ತು. ಗೆಳೆಯನೊಬ್ಬ ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಹಲಗೆಯ ಮಂಚ ಹೊಡೆಸಿ, ಚಾರಣಕ್ಕೆಂದು ಇಟ್ಟುಕೊಂಡಿದ್ದ. ನಾವೆಲ್ಲ ಮದುವೆ ದಿಬ್ಬಣಕ್ಕೆ ಹೋದ ಅದೇ ಗಾಡಿ. ಬೇಸಿಗೆಯಲ್ಲಿ ಸಹ್ಯಾದ್ರಿ ಹತ್ತುವವರು ಕಡಿಮೆ, ಗಾಡಿ ಸುಮ್ಮನೆ ನಿಂತಿತ್ತು. ತಾಥವಡೆಯಲ್ಲಿ ಅವನ ಮಾವನ ಗೋದಾಮಿನ ಬಯಲಲ್ಲಿ ನಿಲ್ಲಿಸಿಕೊಂಡು ಇರು, ನಲ್ಲಿ ಮತ್ತು ಶೌಚಾಲಯ ಗೋದಾಮಿನದು ಬಳಸು ಎಂದ. ಒಂದು ಗ್ಯಾಸ್ ಒಲೆ, 20 ಲೀಟರಿನ ನೀರಿನ ಕ್ಯಾನು, ಬ್ಯಾಟರಿಯಿಂದ ತಿರುಗುವ ಒಂದು ಫ್ಯಾನು. ಅದು ನನ್ನ ಮನೆ.

ಪುಣೆಗೆ ತಂಪು ಊರೆಂಬ ಹಳೆಯ ಹೆಸರಿದೆ. ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರ, ಪಶ್ಚಿಮಕ್ಕೆ ಘಟ್ಟ. 1928ರಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂತು. ಶಿವಾಜಿನಗರದ ಆ ಕಟ್ಟಡವನ್ನು ಜನ ಇಂದಿಗೂ ಸಿಮ್ಲಾ ಆಫೀಸ್ ಎನ್ನುತ್ತಾರೆ. ಹೆಸರಿನಲ್ಲಿ ಸಿಮ್ಲಾ ಇದ್ದರೂ ಅದೇ ಶಿವಾಜಿನಗರದಲ್ಲಿ 2019ರ ಏಪ್ರಿಲ್ ಕೊನೆಗೆ ತಾಪಮಾನ 43 ಡಿಗ್ರಿ ಮುಟ್ಟಿತ್ತು. ನಾನು ಗಾಡಿಯಲ್ಲಿದ್ದ ಬೇಸಿಗೆಯಲ್ಲೂ 40 ದಾಟಿದ ದಿನಗಳಿದ್ದವು. ಬಾಗಿಲು ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ವಾಹನದ ಒಳಗಿನ ಶಾಖ ಹೊರಗಿಗಿಂತ 20 ಡಿಗ್ರಿಗೂ ಹೆಚ್ಚು ಏರಬಲ್ಲದು. ಮೊದಲ ಶನಿವಾರ ಮಧ್ಯಾಹ್ನ ಬಾಗಿಲು ತೆಗೆದಾಗ ಮುಖಕ್ಕೆ ಬಡಿದದ್ದು ರೊಟ್ಟಿ ಹಂಚಿನ ಝಳ. ಅಂದಿನಿಂದ ರಜೆಯ ದಿನವೂ ನಾನು ಆಫೀಸಿಗೇ ಹೋಗತೊಡಗಿದೆ. ಇದನ್ನು ಆಗ ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಲೆಕ್ಕಕ್ಕೆ ಇಟ್ಟುಕೊಂಡದ್ದು ರಾತ್ರಿಗಳನ್ನು. ಕಾಂಕ್ರೀಟ್ ಸ್ಲ್ಯಾಬು ಹಗಲಿಡೀ ಬಿಸಿಲು ಕುಡಿದು, ಸೂರ್ಯ ಮುಳುಗಿದ ಮೇಲೆ ಗಂಟೆಗಟ್ಟಲೆ ಅದನ್ನು ಕೆಳಗೆ ಕಾರುತ್ತದೆ. ಕೊನೆಯ ಮಹಡಿಯಲ್ಲಿ ಇದ್ದವರಿಗೆ ಇದು ಗೊತ್ತು. ತಗಡು ಹಾಗಲ್ಲ. ತೆಳುವಾದ್ದರಿಂದ ಅದರಲ್ಲಿ ಶಾಖ ನಿಲ್ಲುವುದಿಲ್ಲ, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಆಕಾಶ ಶುಭ್ರವಾಗಿದ್ದರೆ ನಡುರಾತ್ರಿಯಲ್ಲಿ ಗಾಡಿಯ ಮಾಡು ಮುಟ್ಟಿದರೆ ತಣ್ಣಗಿರುತ್ತಿತ್ತು. ಇನ್ನೊಂದು ಅನುಕೂಲವೆಂದರೆ ಏಪ್ರಿಲ್‌ನಲ್ಲಿ ಪುಣೆಯ ಗಾಳಿ ಒಣಗಾಳಿ. ಹಸಿ ಪಂಚೆಯನ್ನು ಕಿಟಕಿಗೆ ಕಟ್ಟಿದರೆ ಅದರ ಮೂಲಕ ಬರುವ ಗಾಳಿ ನಿಜಕ್ಕೂ ತಂಪಾಗುತ್ತದೆ. ಮುಂಬೈಯ ಬೆವರಿನಲ್ಲಿ ಈ ಉಪಾಯ ನಡೆಯದು. ಹತ್ತು ದಿನಗಳಲ್ಲಿ ನಾನು ಈ ವಿಷಯದ ಪಂಡಿತನಾದೆ. ಕ್ಯಾಂಟೀನಿನಲ್ಲಿ ಸಹೋದ್ಯೋಗಿಗಳಿಗೆ ವಿವರಿಸುತ್ತಿದ್ದೆ. ಇಷ್ಟು ಕಡಿಮೆಯಲ್ಲೂ ಮನುಷ್ಯ ಬದುಕಬಹುದು ಎಂಬ ತತ್ವವನ್ನೂ ಸೇರಿಸುತ್ತಿದ್ದೆ.

ಗೋದಾಮಿನ ಬೇಲಿಯ ಆಚೆ ಒಂದು ಕಟ್ಟಡ ಏಳುತ್ತಿತ್ತು. ಅದರ ಬದಿಗೆ ಕೆಲಸಗಾರರ ತಗಡಿನ ಖೋಲಿಗಳ ಎರಡು ಸಾಲು. ಒಂದು ರಾತ್ರಿ ಅಲ್ಲಿಂದ ಕನ್ನಡ ಕೇಳಿತು, ಯಾದಗಿರಿ ಕಡೆಯ ಕನ್ನಡ. ಮರುದಿನ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಮುದುಕಿಯನ್ನು ಮಾತಾಡಿಸಿದೆ. ಶಹಾಪುರದ ಕಡೆಯವರು. ಮಗ, ಸೊಸೆ ಸೈಟಿನಲ್ಲಿ ಕೆಲಸ ಮಾಡುವವರು.

"ನೀ ಯಾವೂರಾಂವ ತಮ್ಮಾ?"

"ಗದಗ, ಅವ್ವಾ."

"ಅಷ್ಟು ದೂರದಿಂದ ಬಂದು ಗಾಡ್ಯಾಗ ಮಲಗತೀ? ಮನಿ ಸಿಗಲಿಲ್ಲೇನು?"

ಎರಡು ತಿಂಗಳಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ನಾನು ಉತ್ತರ ತಪ್ಪಿಸಿ ನನ್ನ ವಿಜ್ಞಾನ ತೆಗೆದೆ. ಸ್ಲ್ಯಾಬಿನ ಮನೆಗಿಂತ ತಗಡು ಲಗೂನ ಆರತೈತಿ, ರಾತ್ರಿ ಎಷ್ಟ ತಂಪ ಇರತೈತಿ ನೋಡ್ರಿ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ರಾತ್ರಿ ಆರತದ, ಖರೆ. ಹಗಲ ನೀ ಎಲ್ಲಿರತೀ?"

"ಆಫೀಸಿನ್ಯಾಗ."

"ಅಲ್ಲಿ ಎಸಿ ಅದ?"

"ಹೂಂ."

"ನಮ್ಮ ಸೊಸಿ ಬಾಣಂತಿ. ಹಗಲೂ ಕೂಸಿನ ಕೂಡ ಇದರಾಗೇ ಇರತಾಳ."

ಅಷ್ಟು ಹೇಳಿ ಕೊಡ ಎತ್ತಿಕೊಂಡು ಹೋದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಹುಡುಕಿದ್ದ ಒಳ್ಳೆಯ ಅಂಶದಲ್ಲಿ ತಪ್ಪೇನೂ ಇರಲಿಲ್ಲ. ತಗಡು ರಾತ್ರಿ ಆರುವುದು ನಿಜ. ಆದರೆ ಅದೇ ಕಾರಣಕ್ಕೆ ಹಗಲು ಅದು ಬೇಗ ಕಾಯುತ್ತದೆ. ಒಂದೇ ಗುಣದ ಎರಡು ಮುಖಗಳಲ್ಲಿ ತಂಪಿನದು ನನ್ನ ಪಾಲಿಗೆ ಬಂದಿತ್ತು, ಇನ್ನೊಂದನ್ನು ಹಿಂಜವಡಿಯ ಆಫೀಸು ನನ್ನ ಪರವಾಗಿ ತಡೆದುಕೊಂಡಿತ್ತು. ಕಡಿಮೆಯಲ್ಲಿ ಬದುಕುತ್ತಿದ್ದೇನೆ ಎನ್ನುವಾಗ ಆ ಎಸಿಯನ್ನು ನಾನು ಎಣಿಸಿಯೇ ಇರಲಿಲ್ಲ. ಜೂನ್ ಒಂದಕ್ಕೆ ಹೊರಡುತ್ತೇನೆ ಎಂಬ ತಾರೀಖನ್ನೂ ಎಣಿಸಿರಲಿಲ್ಲ.

ರೋಮಿನ ಸೆನೆಕಾ ತನ್ನ ಗೆಳೆಯ ಲೂಸಿಲಿಯಸ್‌ಗೆ ಬರೆದ ಪತ್ರವೊಂದರಲ್ಲಿ ಒಂದು ಅಭ್ಯಾಸ ಹೇಳುತ್ತಾನೆ. ಆಗಾಗ ಕೆಲವು ದಿನ ಒರಟು ಬಟ್ಟೆ ಉಟ್ಟು, ಒಣ ರೊಟ್ಟಿ ತಿಂದು ಇರು, ನಾನು ಹೆದರಿದ್ದು ಇಷ್ಟಕ್ಕೇನಾ ಎಂದು ನಿನ್ನನ್ನೇ ಕೇಳಿಕೋ ಎನ್ನುತ್ತಾನೆ. ಒಳ್ಳೆಯ ಸಲಹೆಯೇ. ಬಡತನದ ಹೆದರಿಕೆ ಕಳೆದರೆ ಮನುಷ್ಯ ಅಷ್ಟು ಸುಲಭವಾಗಿ ಮಾರಿಕೊಳ್ಳುವುದಿಲ್ಲ. ಆದರೆ ಹೀಗೆಂದವನು ಅಂದಿನ ರೋಮಿನ ದೊಡ್ಡ ಶ್ರೀಮಂತರಲ್ಲೊಬ್ಬ. ಆ ದಿನಗಳು ಮುಗಿದ ಮೇಲೆ ಅವನ ಮನೆ ಅವನಿಗಾಗಿ ಕಾದಿರುತ್ತಿತ್ತು. ಕೆಲವು ದಿನದ ಬಡತನದಿಂದ ಹಸಿವು ಹೇಗಿರುತ್ತದೆಂದು ತಿಳಿಯಬಹುದು. ಅದು ಮುಗಿಯದೇ ಇರಬಹುದು ಎಂಬ ಭಯ ಮಾತ್ರ ಹಾಗೆ ತಿಳಿಯುವಂಥದ್ದಲ್ಲ, ಮತ್ತು ಬಡತನದ ಹೆಚ್ಚಿನ ಭಾಗ ಆ ಭಯವೇ. ನನ್ನ ಜೇಬಿನಲ್ಲಿ ಗಾಡಿಯ ಕೀಲಿಕೈ ಇತ್ತು, ಆಫೀಸಿನ ಕಾರ್ಡಿತ್ತು. ಇವೆರಡೂ ಇದ್ದವನು ಸೆಕೆಯ ಬಗ್ಗೆ ಹೇಳುವ ಸಮಾಧಾನದ ಮಾತಿಗೆ ಎಷ್ಟು ಬೆಲೆ?

ಹಾಗಾದರೆ ಒಳ್ಳೆಯದನ್ನು ಹುಡುಕುವುದೇ ಅನುಕೂಲಸ್ಥರ ಚಟವೆಂದು ತೀರ್ಮಾನಿಸಿದೆ. ಒಂದು ವಾರ ಆ ತೀರ್ಮಾನದಲ್ಲಿ ಬೀಗುತ್ತಲೂ ಇದ್ದೆ. ಅದನ್ನು ಒಡೆದವರೂ ಅದೇ ಅವ್ವ. ಒಂದು ಸಂಜೆ ಖೋಲಿಯ ಮುಂದೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕುಳಿತಿದ್ದರು. "ಭಾಳ ತ್ರಾಸ ಆಗತಿರಬೇಕಲ್ರೀ" ಎಂದು ನಾನು ದನಿ ತಗ್ಗಿಸಿ ಕೇಳಿದೆ. ಅವರು ನಕ್ಕರು.

"ನಮ್ಮೂರ ಬಿಸಲು ನೋಡಿದ್ದೀ ಏನ್? ಅದರ ಮುಂದ ಇದು ಏನೂ ಅಲ್ಲ. ಇಲ್ಲಿ ಸಂಜಿಗಿ ಗಾಳಿ ಬಿಡತದ, ಕೂಸು ಮಲಗತದ. ಅಷ್ಟಾದ್ರೂ ಅದ."

ಅವರ ಕೈಯಲ್ಲಿ ಯಾವ ಕೀಲಿಕೈಯೂ ಇರಲಿಲ್ಲ. ಆದರೂ ಸಂಜೆಯ ಗಾಳಿ ಅವರಿಗೆ ದಕ್ಕಿತ್ತು. ಅದನ್ನು ಪಾಪದವರ ಭ್ರಮೆ ಎಂದು ಕರೆಯಲು ನಾನು ಯಾರು? ಸಲಹೆ ಕೊಟ್ಟವರಲ್ಲಿ ಸೆನೆಕಾ ಒಬ್ಬನೇ ಅಲ್ಲ, ಎಪಿಕ್ಟೀಟಸ್ ಕೂಡ ಇದ್ದಾನೆ. ಅವನು ಗುಲಾಮನಾಗಿ ಬದುಕಿದವನು. ನಮ್ಮ ಕೈಲಿರುವುದು ಯಾವುದು, ಕೈಲಿಲ್ಲದ್ದು ಯಾವುದು ಎಂದು ಬೇರ್ಪಡಿಸುವುದರಿಂದಲೇ ಅವನ ಪಾಠ ಶುರುವಾಗುತ್ತದೆ. ಮೈಯೇ ಇನ್ನೊಬ್ಬನ ಸೊತ್ತಾಗಿದ್ದವನಿಗೆ, ಮನಸ್ಸಾದರೂ ನನ್ನದು ಎಂಬ ಮಾತು ಅಲಂಕಾರವಲ್ಲ. ಕಷ್ಟದಲ್ಲಿರುವವರು ತಾವೇ ಕಂಡುಕೊಂಡ ತಂಪನ್ನು ಅವರಿಂದ ಕಸಿದುಕೊಂಡು, ನೀವು ಬರೀ ನರಳಬೇಕು ಎನ್ನುವುದು ಕೂಡ ಒಂದು ಬಗೆಯ ದರ್ಪವೇ.

ಹಾಗಾದರೆ ಅವ್ವನ ಸಮಾಧಾನಕ್ಕೂ ನನ್ನದಕ್ಕೂ ಏನು ವ್ಯತ್ಯಾಸ? ಅದು ಮೇ ಮೊದಲ ವಾರದಲ್ಲಿ ತಿಳಿಯಿತು. ಸಂಜೆಯ ಗಾಳಿಯನ್ನು ಹೊಗಳಿದ ಅವ್ವ ಮರುದಿನ ಬೆಳಿಗ್ಗೆ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಸೂಪರ್‌ವೈಸರನ ಹತ್ತಿರ ಹೊರಟರು. "ನಿನಗ ಮರಾಠಿ ಬರತದಲ್ಲ, ಬಾ" ಎಂದರು. ಕಟ್ಟುತ್ತಿದ್ದ ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗ ಹಗಲು ನೆರಳಾಗಿ ತಣ್ಣಗಿರುತ್ತಿತ್ತು. ಮಧ್ಯಾಹ್ನ ಬಾಣಂತಿ ಮತ್ತು ಚಿಕ್ಕ ಮಕ್ಕಳು ಅಲ್ಲಿ ಮಲಗಬೇಕು, ಖೋಲಿಗಳ ಮೇಲೆ ಹಸಿರು ಬಲೆ ಮತ್ತು ಗೋಣಿತಟ್ಟು ಹಾಕಿಸಬೇಕು. ಕೇಳಿದ್ದು ಇಷ್ಟೇ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಮಾಡಿದ ಕೇಂದ್ರದ ಕಾಯ್ದೆಯಲ್ಲಿ, ಕೆಲಸ ನಡೆಯುವಷ್ಟು ಕಾಲ ಮಾಲೀಕನು ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಕೊಡಬೇಕು, ಅಡಿಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇರೆ ಜಾಗ ಇರಬೇಕು ಎಂದು ಬರೆದಿತ್ತು. ಹಿಂದಿನ ರಾತ್ರಿ ಅದನ್ನು ಓದಿಕೊಂಡಿದ್ದೆ, ಮರಾಠಿಯಲ್ಲಿ ತಡವರಿಸುತ್ತ ಹೇಳಿದೆ. ಸೂಪರ್‌ವೈಸರ್ ನೋಡೋಣ ಎಂದ. ನಾಲ್ಕು ದಿನದ ಮೇಲೆ ಬಲೆ ಬಂತು. ನಮ್ಮ ಮಾತಿಗೇ ಬಂತೋ, ಮೊದಲೇ ತರಿಸಿದ್ದೋ ತಿಳಿಯದು. ಪಾರ್ಕಿಂಗಿನಲ್ಲಿ ಮಾತ್ರ ಅಂದಿನಿಂದಲೇ ಸೀರೆಯ ತೊಟ್ಟಿಲು ತೂಗಿತು.

ಅವ್ವ ಇದ್ದ ತಂಪನ್ನು ಒಪ್ಪಿಕೊಂಡರು, ಇಲ್ಲದ ತಂಪನ್ನು ಕೇಳಿದರು. ಒಂದಕ್ಕೊಂದು ಅಡ್ಡ ಬರಲಿಲ್ಲ. ನನ್ನ ಸಮಾಧಾನ ಹಾಗಿರಲಿಲ್ಲ. ಅದು ಕೇಳಬೇಕಾದ್ದನ್ನು ಕೇಳದಿರಲು, ಹೇಳಬೇಕಾದ್ದನ್ನು ಹೇಳದಿರಲು ನಾನು ಹೊದ್ದುಕೊಂಡ ಚಾದರವಾಗಿತ್ತು.

ಅಮ್ಮನಿಗೆ ನಾನು ಗಾಡಿಯ ವಿಷಯ ಹೇಳಿರಲಿಲ್ಲ. ಚೊಲೊ ಫ್ಲ್ಯಾಟು, ಎಸಿ ಐತಿ, ಬಾಡಿಗಿ ಸ್ವಲ್ಪ ಜಾಸ್ತಿ ಎಂದಿದ್ದೆ. ಮೇ ನಡುವಿನ ಒಂದು ರಾತ್ರಿ ನಿಜ ಹೇಳಿದೆ. ಅತ್ತ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

"ನನಗ ಸಂಶೆ ಇತ್ತು. ಫೋನಿನ್ಯಾಗ ಲಾರಿ ಸಪ್ಪಳ ಕೇಳತಿತ್ತು" ಎಂದಳು. ಆಮೇಲೆ ತನ್ನದನ್ನೂ ಹೇಳಿದಳು. ಅಪ್ಪನನ್ನು ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಮರುತಪಾಸಣೆಗೆ ಒಯ್ಯಬೇಕಿತ್ತು. ಒಯ್ದಿರಲಿಲ್ಲ. "ಬಾಡಿಗಿ ಜಾಸ್ತಿ ಅಂದಿದ್ದೆಲ್ಲ, ಮತ್ತ ನಿನ್ನ ಕಡೆ ರೊಕ್ಕ ಹೆಂಗ ಕೇಳೂದು ಅಂತ ಸುಮ್ಮನಿದ್ದೆ."

ಇಲ್ಲದ ಫ್ಲ್ಯಾಟಿನ ಇಲ್ಲದ ಬಾಡಿಗೆಗೆ ಹೆದರಿ ಅಪ್ಪನ ತಪಾಸಣೆ ಒಂದು ತಿಂಗಳು ತಡವಾಗಿತ್ತು. ಮರುದಿನವೇ ಹಣ ಕಳಿಸಿದೆ. ಮಾತ್ರೆಯ ಪ್ರಮಾಣ ಬದಲಿಸಬೇಕಾಗಿತ್ತು, ಬದಲಿಸಿದರು. ದೊಡ್ಡ ಅನಾಹುತವೇನೂ ಆಗಲಿಲ್ಲ. ಆಗಬಹುದಿತ್ತು. ಅಮ್ಮ ಚಿಂತೆ ಮಾಡದಿರಲಿ ಎಂದು ಆಡಿದ ಮಾತು ಎಂದು ನಾನು ನನಗೆ ಹೇಳಿಕೊಂಡಿದ್ದೆ. ಆದರೆ ಒಬ್ಬರು ಎಲ್ಲವೂ ಚೆನ್ನಾಗಿದೆ ಎಂದರೆ, ಎದುರಿನವರು ಚೆನ್ನಾಗಿಲ್ಲ ಎನ್ನುವ ಬಾಗಿಲೂ ಮುಚ್ಚಿಹೋಗುತ್ತದೆ. ಊರು ಬಿಟ್ಟು ಬಂದ ನಮ್ಮಲ್ಲಿ ಎಷ್ಟೋ ಮನೆಗಳ ಫೋನು ಹೀಗೇ ನಡೆಯುತ್ತಿರಬಹುದು. ಅತ್ತಲೂ ಆರಾಮ, ಇತ್ತಲೂ ಆರಾಮ.

ಜೂನ್ ಒಂದಕ್ಕೆ ಪುನಾವಳೆಯ ಮನೆಗೆ ಹೋದೆ. ಒಂದು ವಾರದಲ್ಲಿ ಜೋರು ಮಳೆ ಬಂತು. ಬೇಸಿಗೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಹೇಳುವ ಕೊನೆಯ ಸಮಾಧಾನ ಅದೇ ಅಲ್ಲವೆ, ಮಳೆ ಬಂದರೆ ಎಲ್ಲ ತಂಪಾಗುತ್ತದೆ ಎಂದು? ಮೂರನೆಯ ಮಹಡಿಯ ಕಿಟಕಿಯಲ್ಲಿ ನಿಂತ ನನಗೆ ನೆನಪಾದದ್ದು ಇದೇ ಊರಿನ ಕೊಂಢವಾ. 2019ರ ಜೂನ್ 29ರ ನಡುರಾತ್ರಿ ದಾಟಿದ ಹೊತ್ತಿಗೆ ಅಲ್ಲಿ ಮಳೆಯಲ್ಲಿ ವಸತಿ ಸಮುಚ್ಚಯವೊಂದರ ಗೋಡೆ ಪಕ್ಕದ ಕೂಲಿಕಾರರ ಶೆಡ್ಡುಗಳ ಮೇಲೆ ಕುಸಿದು 15 ಜನ ಸತ್ತರು, ಮಕ್ಕಳೂ ಸೇರಿ. ತಗಡಿನ ಕೆಳಗೆ ಮಳೆ ಕೂಡ ಬೇರೆಯೇ.

ಮರುದಿನ ಆಫೀಸಿನಿಂದ ಬರುವಾಗ ತಾಥವಡೆಗೆ ಹೋದೆ. ಖೋಲಿಗಳ ಹಿಂದೆ ಗೋಡೆಯಿದೆಯೇ ಎಂದು ಮೊದಲು ನೋಡಿದೆ. ಬೇಲಿಯಷ್ಟೇ ಇತ್ತು. ಎರಡು ತಿಂಗಳು ಪಕ್ಕದಲ್ಲೇ ಇದ್ದೂ ಅದನ್ನು ಗಮನಿಸಿರಲಿಲ್ಲ. ಅವ್ವ ತಗಡಿನ ಅಂಚಿನಿಂದ ಸುರಿಯುವ ನೀರಿಗೆ ಕೊಡ ಇಟ್ಟಿದ್ದರು.

"ಹ್ಯಾಂಗದ ಹೊಸ ಮನಿ?" ಎಂದರು.

ಚೊಲೊ ಐತಿ ಎಂದು ಬಾಯಿಗೆ ಬಂದಿತ್ತು. "ಚೊಲೊ ಐತ್ರಿ. ರಾತ್ರಿ ಸ್ವಲ್ಪ ಸೆಕಿ ಅಕ್ಕೈತಿ" ಎಂದೆ. ಅವರು ತಲೆಯಾಡಿಸಿ, ಒಳಗಿನ ಸೋರುವ ಮೂಲೆ ತೋರಿಸಲು ನನ್ನನ್ನು ಕರೆದರು.